ನೂರ ಹನ್ನೆರಡು ತಲೆಗಳ ಕಾವಲುಗಾರ

ಆ ಮಂಗಳವಾರ ಸಂಜೆ ಐದೂ ಕಾಲಿಗೆ ನಾನೊಂದು ಘನಘೋರ ಪ್ರತಿಜ್ಞೆ ಮಾಡಿದೆ. ಇನ್ನು ಮೇಲೆ ನನ್ನ ಹೆಂಡತಿಯ ಅಂಗಡಿಯಿಂದ ಒಂದೇ ಒಂದು ಗುಟ್ಟು ಹೊರಗೆ ಹೋಗಕೂಡದು. ಹೋಗುವುದಾದರೆ ನನ್ನನ್ನು ದಾಟಿಕೊಂಡು ಹೋಗಲಿ, ನೋಡಿಯೇಬಿಡೋಣ! ಷೂ ಬಿಚ್ಚುವ ಮೊದಲೇ, ಹೊಸ್ತಿಲ ಮೇಲೇ ನಿಂತು, ಇದನ್ನು ಗಟ್ಟಿಯಾಗಿ ಘೋಷಿಸಿದೆ. ಹೆಂಡತಿ ಒಳಗೆ ಹೇರ್ ಡ್ರೈಯರ್ ಹಾಕಿಕೊಂಡಿದ್ದಳು. ಹಾಗಾಗಿ ಎರಡನೇ ಸಲ ಘೋಷಿಸಬೇಕಾಯಿತು.

ಈ ಪೌರುಷ ಎಲ್ಲಿಂದ ಬಂತು ಎಂದು ಕೇಳುತ್ತೀರಾ? ನಾನು ನೀರಿನ ಪಂಪು ತಯಾರಿಸುವ ಕಂಪನಿಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ವಾಷರು, ಬೋಲ್ಟು, ಬೇರಿಂಗುಗಳೇ ನನ್ನ ಪ್ರಜೆಗಳು. ಅಂದು ಕಂಪನಿಯಲ್ಲಿ 'ಕ್ಲೌಡಿನಲ್ಲಿ ವ್ಯವಹಾರದ ಗೋಪ್ಯ ಮಾಹಿತಿಯ ರಕ್ಷಣೆ' ಎಂಬ ಅರ್ಧ ದಿನದ ತರಬೇತಿ ಇತ್ತು. ಹೋಗಬೇಕಿದ್ದ ಕಂಪ್ಯೂಟರ್ ವಿಭಾಗದವರಿಗೆ ಹಲ್ಲುನೋವು. ಖಾಲಿ ಕುರ್ಚಿ ಚೆನ್ನಾಗಿ ಕಾಣುವುದಿಲ್ಲವೆಂದು ಮ್ಯಾನೇಜರು ನನ್ನನ್ನು ಕಳಿಸಿದರು. ನಾಲ್ಕು ಗಂಟೆ ಕೂತೆ, ಎರಡು ಟೀ ಕುಡಿದೆ, ಬಣ್ಣದ ಸರ್ಟಿಫಿಕೇಟು ಹಿಡಿದುಕೊಂಡು ಬಂದೆ. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೂ ಆಯಿತು.

ಇನ್ನು ಹೆಂಡತಿಯ ಅಂಗಡಿಯ ವಿಷಯ. ನಮ್ಮ ಮನೆಯ ಮುಂದಿನ ಎರಡು ಕೋಣೆಗಳೇ ಅಂಗಡಿ. ಹೊರಗಿನ ಬೋರ್ಡಿನಲ್ಲಿ 'ಹೊಲಿಗೆ, ರಿಪೇರಿ' ಎಂದಿದೆ. ಆದರೆ ಅಲ್ಲಿ ಯಾರೂ ಪ್ಯಾಂಟಿಗೆ ಜಿಪ್ ಹಾಕಿಸಲು ಬರುವುದಿಲ್ಲ. ಅವಳು ವಿಗ್ ಮಾಡುತ್ತಾಳೆ. ಒಂದೊಂದೇ ಕೂದಲನ್ನು ಸಣ್ಣ ಕೊಕ್ಕೆಸೂಜಿಯಲ್ಲಿ ಜಾಲರಿಗೆ ಗಂಟು ಹಾಕುತ್ತಾ, ಒಂದು ತಲೆಗೆ ಒಂದು ತಿಂಗಳು ಕೂರುತ್ತಾಳೆ. ಬೋರ್ಡಿನಲ್ಲಿ ಸುಳ್ಳು ಬರೆಸಿದ್ದು ಬರುವವರ ಮಾನಕ್ಕಾಗಿ. ಬೀದಿಯಲ್ಲಿ ಯಾರಾದರೂ ನೋಡಿದರೂ 'ಗುಂಡಿ ಹೊಲಿಸೋಕೆ ಬಂದಿದ್ದೆ' ಎನ್ನಬಹುದಲ್ಲ! ಹನ್ನೆರಡು ವರ್ಷಗಳಿಂದ, ನನ್ನ ಲೆಕ್ಕದಲ್ಲಿ, ನೂರ ಹನ್ನೆರಡು ಜನ ಹೀಗೆ ಗುಂಡಿ ಹೊಲಿಸಿಕೊಂಡು ಹೋಗಿದ್ದಾರೆ.

ಆ ವಾರದ ಮುಖ್ಯ ಗಿರಾಕಿ ಶಾಲೆಯೊಂದರ ಹೆಡ್‌ಮಿಸ್. ಆರು ತಿಂಗಳ ಕಾಯಿಲೆ, ಔಷಧಿಯ ದೆಸೆಯಿಂದ ಕೂದಲೆಲ್ಲ ಉದುರಿತ್ತು. ಸೋಮವಾರ ಶಾಲೆಗೆ ಮರಳುವವರಿದ್ದರು. ಶನಿವಾರ ಹನ್ನೊಂದಕ್ಕೆ ಬಂದು ವಿಗ್ ಹಾಕಿಸಿಕೊಂಡು ಹೋಗುವುದೆಂದು ನಿಗದಿಯಾಗಿತ್ತು. ಕೂದಲಿನ ಸಂಗತಿ ಅವರ ಮನೆಯವರನ್ನು ಬಿಟ್ಟರೆ ತಿಳಿದಿದ್ದು ನಮ್ಮ ಅಂಗಡಿಗೆ ಮಾತ್ರ. "ಎಂಟುನೂರು ಮಕ್ಕಳ ಕಣ್ಣು ನನ್ನ ತಲೆ ಮೇಲೇ ಇರುತ್ತಮ್ಮಾ. ಒಬ್ಬರಿಗೆ ಗೊತ್ತಾದ್ರೂ ನಾನು ಆ ಗೇಟಿನೊಳಗೆ ಕಾಲಿಡಲ್ಲ" ಎಂದು ಮೊದಲ ದಿನವೇ ಅವಳ ಕೈ ಹಿಡಿದುಕೊಂಡು ಹೇಳಿದ್ದರಂತೆ.

ಇಂಥ ಗುಟ್ಟುಗಳನ್ನು ನನ್ನ ಹೆಂಡತಿ ಇಟ್ಟಿದ್ದ ರೀತಿ ನೋಡಿ ನನಗೆ ಬೆವರು ಬಂತು. ತಲೆಗಳ ಫೋಟೋಗಳು ಫೋನಿನ ಜೊತೆ ಬಂದ ಕ್ಲೌಡಿನಲ್ಲಿ, ಅಂದರೆ ಇಂಟರ್ನೆಟ್ಟಿನ ಗೋದಾಮಿನಲ್ಲಿ. ಅಳತೆಗಳು ಲ್ಯಾಪ್‌ಟಾಪಿನ ಜೊತೆ ಬಂದ ಇನ್ನೊಂದರಲ್ಲಿ. ಯಾರು ಯಾವತ್ತು ಬರುತ್ತಾರೆಂಬ ಪಟ್ಟಿ ಮೂರನೆಯದರಲ್ಲಿ. ಮೂರಕ್ಕೂ ಒಂದೇ ಪಾಸ್‌ವರ್ಡು!

"ಹನ್ನೆರಡು ವರ್ಷದಿಂದ ಏನೂ ಸೋರಿಲ್ಲವಲ್ಲ" ಎಂದಳು.

"ಸೋರಿಲ್ಲ ಅಂತ ನಿನಗೆ ಹೇಗೆ ಗೊತ್ತು? ಸೋರಿದ್ದು ನಿನಗೆ ಗೊತ್ತಾಗಿಲ್ಲ, ಅಷ್ಟೇ!" ತರಬೇತಿಯಲ್ಲಿ ಕಲಿತ ಮೊದಲ ಬಾಣವನ್ನು ಬಿಟ್ಟೆ.

"ರೀ, ಫ್ರಿಜ್ಜಿನ ಕೆಳಗೆ ನೀರು ಸೋರ್ತಿದೆ, ಅದು ಗೊತ್ತಾಗಿದೆ. ಮೊದಲು ಅದನ್ನ ನೋಡಿ."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ದೊಡ್ಡ ಕೆಲಸಕ್ಕೆ ಕೈ ಹಾಕಿದವನು ಫ್ರಿಜ್ಜಿನ ಕೆಳಗೆ ಬಗ್ಗುವುದಿಲ್ಲ. ಫೋಟೋಗಳನ್ನು ತೆರೆದು ನೋಡಿದರೆ ಇನ್ನೂ ದೊಡ್ಡ ಆಘಾತ. ಒಂದು ಫೋಟೋದ ಹೆಸರು 'ಜರಡಿ'. ಇನ್ನೊಂದು 'ಇಡೀ ಕುಂಬಳಕಾಯಿ'. ಮತ್ತೊಂದು 'ಬೆಳ್ಳಿ ಬಟ್ಟಲು'. ಒಂದು ಮುಖವಿಲ್ಲ, ಒಂದು ಹೆಸರಿಲ್ಲ. ಎಲ್ಲವೂ ಹಿಂದಿನಿಂದ, ಮೇಲಿನಿಂದ, ತೀರಾ ಹತ್ತಿರದಿಂದ ತೆಗೆದ ಬರೀ ನೆತ್ತಿಗಳು.

"ಇದೇನೇ ಅಡುಗೆಮನೆ? ಯಾವ ತಲೆ ಯಾರದು ಅಂತ ಪಟ್ಟಿ ಎಲ್ಲಿದೆ?"

"ನನ್ನ ತಲೆಯಲ್ಲಿ."

"ಅಯ್ಯೋ! ನಿನ್ನ ತಲೆಗೆ ಬ್ಯಾಕಪ್ ಎಲ್ಲಿದೆ?"

ಅವಳು ಬಾಚಣಿಗೆ ತೆಗೆದುಕೊಂಡು ಒಳಗೆ ಹೋದಳು. ಸೋತವರು ಹೀಗೆಯೇ ಜಾಗ ಖಾಲಿ ಮಾಡುವುದು ಎಂದು ನಾನು ಸಂತೋಷಪಟ್ಟೆ.

ಮಂಗಳವಾರವೇ ಕಾರ್ಯಾಚರಣೆ ಶುರು. ಮೂರು ಕ್ಲೌಡಿಗೂ ಇಪ್ಪತ್ತೆರಡು ಅಕ್ಷರಗಳ ಹೊಸ ಪಾಸ್‌ವರ್ಡು ಹಾಕಿದೆ. ಅರ್ಧವನ್ನು ಒಂದು ಚೀಟಿಯಲ್ಲಿ ಬರೆದು ಗುಂಡಿಗಳ ಡಬ್ಬಿಯಲ್ಲಿ, ಉಳಿದರ್ಧವನ್ನು ಇನ್ನೊಂದು ಚೀಟಿಯಲ್ಲಿ ಬರೆದು ಗೋಡೆ ಗಡಿಯಾರದ ಹಿಂದೆ ಬಚ್ಚಿಟ್ಟೆ. ಅದೂ ಸಾಲದೆಂದು, ಯಾರು ಒಳಗೆ ಹೋಗಬೇಕಾದರೂ ನನ್ನ ಫೋನಿಗೆ ಬರುವ ಆರಂಕಿಯ ಸಂಖ್ಯೆ ಹೊಡೆಯಬೇಕು ಎಂದು ಏರ್ಪಾಡು ಮಾಡಿದೆ. ಎರಡು ಬೀಗ! ಕಳ್ಳ ಬಂದರೂ ಕೈ ಮುಗಿದು ಹೋಗಬೇಕು.

ಬುಧವಾರ ಬಂದವಳು ಕಳ್ಳಿಯಲ್ಲ, ನನ್ನ ಹೆಂಡತಿ. ಹೆಡ್‌ಮಿಸ್ಸರ ಹಣೆಯ ಅಳತೆ ತುರ್ತಾಗಿ ಬೇಕಾಗಿತ್ತು. ಚೀಟಿಗಳನ್ನು ಜೋಡಿಸಿ ಪಾಸ್‌ವರ್ಡು ಹೊಡೆದಳು, ಸರಿ. ಆದರೆ ಸಂಖ್ಯೆ ಬಂದಿದ್ದು ನನ್ನ ಫೋನಿಗೆ. ನಮ್ಮ ಕಂಪನಿಯಲ್ಲಿ ಫೋನುಗಳನ್ನು ಗೇಟಿನ ಸೆಕ್ಯುರಿಟಿಯವನ ಬಳಿ ಒಪ್ಪಿಸಿ ಒಳಗೆ ಹೋಗಬೇಕು. ಅವಳು ಗೇಟಿಗೆ ಫೋನು ಮಾಡಿ, ಪರದೆಯ ಮೇಲಿನ ಸಂಖ್ಯೆ ಓದಿ ಎಂದು ಕೇಳಿಕೊಂಡಳು. ಸೆಕ್ಯುರಿಟಿ ಬಹಳ ನಿಯತ್ತಿನ ಮನುಷ್ಯ. ನನ್ನ ಅಪ್ಪಣೆಯಿಲ್ಲದೆ ಯಾರಿಗೂ ಏನನ್ನೂ ಹೇಳಬೇಡ ಎಂದು ಅವತ್ತು ಬೆಳಿಗ್ಗೆಯಷ್ಟೇ ನಾನು ಎಚ್ಚರಿಸಿದ್ದೆ. ಹಾಗಾಗಿ ಅಪ್ಪಣೆ ಕೇಳಲು ಕಾರ್ಖಾನೆಯ ಮೈಕ್ ಹಿಡಿದ.

"ಸ್ಟೋರ್ಸ್ ಸಾರ್! ನಿಮ್ಮ ಮನೆಯವರು ಗುಟ್ಟಿನ ನಂಬರ್ ಕೇಳ್ತಾ ಇದ್ದಾರೆ! ನಾಲ್ಕು, ಎಂಟು, ಎರಡು, ಒಂಬತ್ತು, ಒಂದು, ಮೂರು! ಕೊಡ್ಲಾ ಸಾರ್, ಬೇಡ್ವಾ?"

ನಾಲ್ಕುನೂರು ಜನ ಯಂತ್ರ ನಿಲ್ಲಿಸಿ ನನ್ನತ್ತ ನೋಡಿದರು. ಲೇತ್ ವಿಭಾಗದಿಂದ ಯಾರೋ "ಕೊಡೋ, ಪಾಪ!" ಎಂದು ಕೂಗಿದರು. ನಾನು ಗೇಟಿಗೆ ಓಡಿ ಹೋಗಿ ತಲೆಯಾಡಿಸುವ ಹೊತ್ತಿಗೆ ಸಂಖ್ಯೆಯ ಆಯಸ್ಸು ಮುಗಿದಿತ್ತು.

ಇಂಥ ಸಣ್ಣಪುಟ್ಟ ಅಡ್ಡಿಗಳಿಗೆಲ್ಲ ಹೆದರುವ ಜಾತಿಯೇ ನನ್ನದಲ್ಲ! ಗುರುವಾರ ನಮ್ಮ ಟಿವಿಯ ವೈರು ಕಿತ್ತುಹಾಕಿದೆ. ಇಂಟರ್ನೆಟ್ಟಿಗೆ ಸೇರಿದ ಪ್ರತಿಯೊಂದು ಯಂತ್ರವೂ ಒಂದೊಂದು ಕಿಟಕಿ ಎಂದು ತರಬೇತಿಯವರು ಹೇಳಿದ್ದರು. ಶುಕ್ರವಾರ ನನ್ನ ಅತ್ಯುನ್ನತ ಯೋಜನೆ ಹೊಳೆಯಿತು. 'ಬೆಲೆಬಾಳುವ ಮಾಹಿತಿಗೆ ಬೆಲೆಬಾಳುವ ಹೆಸರಿಡಬೇಡಿ' ಎಂದೂ ಅವರು ಹೇಳಿದ್ದರಲ್ಲ? ಸರಿ, ಜಗತ್ತಿನಲ್ಲಿ ಯಾರೂ, ಎಂದೂ, ಕೈ ಕಾಲು ಕಟ್ಟಿ ಕೂರಿಸಿದರೂ ತೆರೆದು ನೋಡದ ಜಾಗ ಯಾವುದು? ಸಂಬಂಧಿಕರ ಪ್ರವಾಸದ ಫೋಟೋಗಳು! ನಮ್ಮ ಕ್ಲೌಡಿನಲ್ಲಿ ಅಂಥದೊಂದು ಕಡತವಿತ್ತು. ಮೂರು ಸಾವಿರ ಫೋಟೋ. ಎಲ್ಲದರಲ್ಲೂ ನನ್ನ ಅತ್ತೆ ಯಾವುದಾದರೊಂದು ಕಲ್ಲಿಗೆ ಒರಗಿ ನಿಂತಿರುತ್ತಾರೆ. ಆ ಕಲ್ಲುಗಳ ನಡುವೆ ನೂರ ಹನ್ನೆರಡು ತಲೆಗಳನ್ನೂ ಸಾಗಿಸಿಬಿಟ್ಟೆ. ಆಮೇಲೆ ಆ ಕಡತದಲ್ಲಿ ಏನನ್ನಾದರೂ ಅಳಿಸುವ, ಬದಲಾಯಿಸುವ ಹಕ್ಕನ್ನು ಎಲ್ಲರಿಂದಲೂ ಕಿತ್ತುಕೊಂಡೆ. ಹೆಂಡತಿಯಿಂದಲೂ! ಉಳಿದಿದ್ದು ನಾನೊಬ್ಬನೇ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಅತ್ತೆಯ ಫೋನು ಬಂತು.

"ಅಳಿಯಂದ್ರೇ, ಇದ್ಯಾವ ಊರಿಗೆ ಹೋಗಿದ್ರಿ? ನಮ್ಮನ್ನ ಕರೀಲೇ ಇಲ್ಲ!"

"ಎಲ್ಲಿಗೂ ಹೋಗಿಲ್ವಲ್ಲ ಅತ್ತೆ."

"ಸುಳ್ಳು ಹೇಳ್ಬೇಡಿ. ಟಿವೀಲಿ ಫೋಟೋ ಬರ್ತಾ ಇದೆ. ಬರೀ ಬೆಟ್ಟ ಗುಡ್ಡ! ಹುಲ್ಲು ಕೂಡ ಸರಿಯಾಗಿ ಬೆಳೆದಿಲ್ಲ. ಇಂಥ ಬರಡು ಜಾಗಕ್ಕೆ ಯಾಕ್ರೀ ಹೋಗ್ಬೇಕಿತ್ತು?" ಆ ಕಡೆ ಕನ್ನಡಕ ಹುಡುಕುವ ಸದ್ದು ಕೇಳಿಸಿತು. "ಇದೇನಿದು... ಬೆಟ್ಟಕ್ಕೆ ಕಿವಿ ಇದೆ!"

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ನನ್ನ ಭಾವಮೈದ, ಅಂದರೆ ಹೆಂಡತಿಯ ತಮ್ಮ, ಹನ್ನೊಂದು ಮನೆಗಳ ಟಿವಿಗಳಿಗೆ ಈ ಪ್ರವಾಸದ ಕಡತವನ್ನು ಜೋಡಿಸಿದ್ದ. ಟಿವಿ ಸುಮ್ಮನಿದ್ದಾಗಲೆಲ್ಲ ಅದರ ಮೇಲೆ ಫೋಟೋಗಳು ಒಂದಾದ ಮೇಲೊಂದು ಬರುತ್ತವೆ. ಹೊಸದಾಗಿ ಸೇರಿದವು ಮೊದಲು! ಆಗ 'ಭಲೇ' ಎಂದು ಅವನ ಬೆನ್ನು ತಟ್ಟಿದವನು ನಾನೇ. ಅಳಿಸುವ ಕೈಗಳನ್ನೆಲ್ಲ ಬಿಗಿಯಾಗಿ ಕಟ್ಟಿಹಾಕಿದ್ದೆ, ನೋಡುವ ಕಣ್ಣುಗಳನ್ನು ಮರೆತುಬಿಟ್ಟಿದ್ದೆ.

ಲ್ಯಾಪ್‌ಟಾಪಿಗೆ ಹಾರಿದೆ. ಗುಂಡಿಗಳ ಡಬ್ಬಿ ಬೋರಲಾಯಿತು, ಗಡಿಯಾರ ಗೋಡೆಯಿಂದ ಕೆಳಗಿಳಿಯಿತು, ಚೀಟಿಗಳು ಸಿಕ್ಕವು. ಗಾಬರಿಯಲ್ಲಿ ಇಪ್ಪತ್ತೆರಡು ಅಕ್ಷರ ಹೊಡೆದೆ, ತಪ್ಪು. ಮತ್ತೆ ಹೊಡೆದೆ, ತಪ್ಪು. ಮೂರನೇ ಸಲಕ್ಕೆ ಯಂತ್ರ ನನ್ನನ್ನೇ ಕಳ್ಳನೆಂದು ತೀರ್ಮಾನಿಸಿತು. 'ಅರ್ಧ ಗಂಟೆ ಬಿಟ್ಟು ಪ್ರಯತ್ನಿಸಿ' ಎಂದು ಬಾಗಿಲು ಹಾಕಿಕೊಂಡಿತು. ಭಾವಮೈದನಿಗೆ ಫೋನು ಮಾಡಿದೆ.

"ಬೇಗ ಆ ಕಡತ ಅಳಿಸೋ ಮಾರಾಯಾ!"

"ಆಗ್ತಾ ಇಲ್ಲ ಭಾವ. ನಿನ್ನೆಯಿಂದ ನನಗೆ ಹಕ್ಕೇ ಇಲ್ಲ ಅಂತಿದೆ. ಯಾರು ಕಿತ್ಕೊಂಡ್ರೋ ಏನೋ, ಬಡ್ಡೀಮಗ!"

"ಅದು ಬಿಡು. ಜೋಡಿಸಿದ್ದನ್ನ ಟಿವಿಗಳಿಂದ ಬಿಚ್ಚೋಕೆ ಆಗುತ್ತಾ?"

"ಆಗುತ್ತೆ. ಹನ್ನೊಂದು ಮನೆಗೂ ಬೈಕಲ್ಲಿ ಹೋಗಬೇಕು. ಮಧ್ಯಾಹ್ನದ ಹೊತ್ತಿಗೆ ಮುಗೀಬಹುದು."

ಆದರೂ ಛಲ ಬಿಡಲಿಲ್ಲ. ಒಬ್ಬೊಬ್ಬ ಸಂಬಂಧಿಕರಿಗೂ ಫೋನು ಮಾಡಿ ಟಿವಿ ಆರಿಸಲು ಹೇಳಿದೆ. ಇದು ಆ ವಾರದ ನನ್ನ ಅತಿ ದೊಡ್ಡ ತಪ್ಪು. ಹನ್ನೊಂದು ಮನೆಗಳಲ್ಲಿ ಆ ಹೊತ್ತಿಗೆ ಟಿವಿ ಹಾಕಿದ್ದವರು ಮೂವರೇ. "ದೊಡ್ಡಮ್ಮಾ, ದಯವಿಟ್ಟು ಟಿವಿ ಹಾಕ್ಬೇಡಿ" ಎಂದರೆ, "ಯಾಕಪ್ಪಾ? ಏನು ಬರ್ತಾ ಇದೆ?" ಎಂದು ಹಾಕಿಯೇಬಿಟ್ಟರು. ಚಿಕ್ಕಪ್ಪ ಪಕ್ಕದ ಮನೆಯವರನ್ನೂ ಕರೆದರು. ಹತ್ತು ನಿಮಿಷದಲ್ಲಿ ಹನ್ನೊಂದೂ ಮನೆಗಳು ನನ್ನ ಕೃಪೆಯಿಂದ ಬೆಳಗತೊಡಗಿದವು. ಟಿವಿಯ ಮೇಲೆ ಬಂದಿದ್ದನ್ನು ಹೆಸರು ಸಮೇತ ಫೋಟೋ ಹೊಡೆದು ಹಾಕುತ್ತಾ, ಕುಟುಂಬದ ಗುಂಪಿನಲ್ಲಿ ಸಂದೇಶಗಳ ಸುರಿಮಳೆ! 'ಇಡೀ ಕುಂಬಳಕಾಯಿ ಸೂಪರ್.' 'ಜರಡಿ ಅಂತ ಯಾಕೆ ಬರೆದಿದ್ದೀರಿ? ಇದು ಯಾವುದಾದ್ರೂ ಸ್ಪರ್ಧೇನಾ? ವೋಟು ಎಲ್ಲಿ ಹಾಕೋದು?'

"ಏನ್ರೀ ಅದು, ಗಡಿಯಾರ ನೆಲದ ಮೇಲಿದೆ?"

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹೆಡ್‌ಮಿಸ್ಸರ ವಿಗ್, ಇನ್ನೇನು ಕೊನೆಯ ಬಾಚುವಿಕೆ. ನಾನು ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ವಿಗ್ಗನ್ನು ಮರದ ತಲೆಯ ಮೇಲೆ ಮೆಲ್ಲಗಿಟ್ಟು ಕುರ್ಚಿಯಲ್ಲಿ ಕೂತಳು. ಅವಳ ಮುಖ ಬಿಳಿಚಿತ್ತು. ಹನ್ನೆರಡು ವರ್ಷ ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದದ್ದನ್ನು ನಾನು ಸರ್ಟಿಫಿಕೇಟು ಬಂದ ನಾಲ್ಕೇ ದಿನದಲ್ಲಿ ಬೀದಿಗೆ ಹಾಕಿದ್ದೆ. ನನಗೆ ನಿಜವಾಗಿಯೂ ಅಳು ಬಂತು.

"ಅತ್ತರೆ ಟಿವಿ ಆರುತ್ತಾ? ಫೋನ್ ಕೊಡಿ ಇಲ್ಲಿ" ಎಂದಳು.

ಗುಂಪಿನ ಸಂದೇಶಗಳನ್ನು ಒಂದೊಂದಾಗಿ ಓದಿದಳು. ಓದುತ್ತಾ ಓದುತ್ತಾ ಅವಳ ಮುಖಕ್ಕೆ ಬಣ್ಣ ಮರಳಿತು.

"ಮುಖ ಇಲ್ಲ, ಹೆಸರಿಲ್ಲ. ಯಾರಿಗೂ ಯಾರ ಗುರುತೂ ಸಿಕ್ಕಿಲ್ಲ" ಎಂದಳು. ಆಮೇಲೆ ತಡೆದು, "ಒಬ್ಬರನ್ನ ಬಿಟ್ಟು" ಎಂದಳು.

"ಅಯ್ಯೋ! ಯಾರನ್ನ? ಹೆಡ್‌ಮಿಸ್ಸನ್ನಾ?"

ಅವಳು ಫೋನನ್ನು ನನ್ನತ್ತ ತಿರುಗಿಸಿದಳು. ಪರದೆಯ ಮೇಲೆ ಒಂದು ನೆತ್ತಿ. ನಡುವೆ ಅಂಗೈಯಗಲ ಬಯಲು, ಸುತ್ತ ಬೇಲಿಯಂತೆ ಒಂದಷ್ಟು ಕೂದಲು, ಎಡಕಿವಿಯ ಹಿಂದೆ ಕಡಲೆಕಾಳಿನಷ್ಟು ಮಚ್ಚೆ. ಹೆಸರು 'ತಾಮ್ರದ ಚೊಂಬು'. ಅದರ ಕೆಳಗೆ ಹತ್ತೊಂಬತ್ತು ಸಂದೇಶ. 'ಇದು ಭಾವ ಅಲ್ವಾ?' 'ಭಾವನೇ! ಮಚ್ಚೆ ನೋಡಿ!' 'ಅಳಿಯಂದ್ರು ಇಷ್ಟು ಬೇಗ ಖಾಲಿಯಾದ್ರಾ?' ಅತ್ತೆ ಮಾತ್ರ ಒಂದು ಅಳುವ ಮುಖ ಹಾಕಿದ್ದರು.

"ಇದು ನಾನಲ್ಲ!" ಎಂದೆ. "ನನ್ನ ಹಣೆ ಸ್ವಲ್ಪ ಅಗಲ ಇರಬಹುದು. ಆದರೆ ನೆತ್ತಿ..."

"ನೆತ್ತಿ ನಿಮಗೆ ಹೇಗೆ ಕಾಣುತ್ತೆ ರೀ? ನೀವು ಕನ್ನಡಿ ನೋಡೋದು ಮುಂದಿನಿಂದ."

"ಈ ಫೋಟೋ ಯಾವಾಗ ತೆಗೆದೆ?"

"ಎರಡು ವರ್ಷದ ಹಿಂದೆ, ಸೋಫಾದ ಮೇಲೆ ನಿದ್ದೆ ಮಾಡ್ತಿದ್ರಲ್ಲ, ಆಗ. ಬೇಕಾಗುತ್ತೆ ಅಂತ ಅಳತೇನೂ ತಗೊಂಡಿಟ್ಟೆ."

"ಎರಡು ವರ್ಷ ನನಗೆ ಹೇಳಲೇ ಇಲ್ವಲ್ಲೇ!"

"ಮನೆಯ ಎತ್ತರದ ಕನ್ನಡಿಗಳನ್ನೆಲ್ಲ ತೆಗೆಸಿದೆ. ಕಟಿಂಗ್ ಅಂಗಡಿಯವನಿಗೆ ಹಿಂದೆ ಕನ್ನಡಿ ಹಿಡೀಬೇಡ ಅಂತ ಹೇಳಿ ಬಂದೆ. ಅಮ್ಮನಿಗೂ ಗೊತ್ತಾಗಬಾರದು ಅಂತ ಪ್ರವಾಸಕ್ಕೆ ಹೋದಾಗೆಲ್ಲ ನಿಮಗೆ ಟೋಪಿ ಹಾಕಿಸಿದೆ. ಎರಡು ವರ್ಷ ನಿಮ್ಮಿಂದಲೇ ಮುಚ್ಚಿಟ್ಟಿದ್ದೆ. ಮಾಹಿತಿ ರಕ್ಷಣೆ ಅಂದ್ರೆ ಅದು!"

ಅಷ್ಟರಲ್ಲಿ ಅರ್ಧ ಗಂಟೆ ಮುಗಿದಿತ್ತು. ಅವಳು ಅಕ್ಷರಗಳನ್ನು ಒಂದೊಂದೇ ಓದಿದಳು, ನಾನು ಹೊಡೆದೆ, ಫೋನಿಗೆ ಬಂದ ಸಂಖ್ಯೆಯನ್ನೂ ಹೊಡೆದೆ, ಬಾಗಿಲು ತೆರೆಯಿತು. ನೂರ ಹನ್ನೆರಡು ತಲೆಗಳೂ ಹನ್ನೊಂದು ಟಿವಿಗಳಿಂದ ಮಾಯವಾದವು. ಚಿಕ್ಕಪ್ಪ 'ಯಾಕೆ ನಿಲ್ಲಿಸಿದ್ರಿ?' ಎಂದು ಬೇಸರದ ಸಂದೇಶ ಕಳಿಸಿದರು. ಗಂಟೆ ಹತ್ತೂ ಮುಕ್ಕಾಲು.

"ಸದ್ಯ! ಯಾರಿಗೂ ಗೊತ್ತಾಗಲಿಲ್ಲ" ಎಂದು ಬೆವರೊರೆಸಿಕೊಂಡೆ. "ಹೆಡ್‌ಮಿಸ್ಸಿಗೆ ನಾವು ಹೇಳೋದೇ ಬೇಡ."

"ಹೇಳ್ಬೇಕು. ಯಾರು ಗುರುತು ಹಿಡೀಲಿ, ಬಿಡಲಿ, ಅದು ಅವರ ತಲೆ. ಅವರಿಗೆ ಗೊತ್ತಿರಬೇಕು. ಇವತ್ತು ಅವರಿಗೆ, ನಾಳೆಯಿಂದ ಉಳಿದವರಿಗೆ."

"ಅವರು ಎದ್ದು ಹೋಗಿಬಿಟ್ರೆ? ಸೋಮವಾರ ಶಾಲೆಗೇ ಹೋಗದಿದ್ರೆ?"

"ಅದಕ್ಕೇ ಹೇಳೋದು ನಾನಲ್ಲ, ನೀವು."

ಸರಿಯಾಗಿ ಹನ್ನೊಂದಕ್ಕೆ ಅವರು ಬಂದರು. ತಲೆಗೆ ನೀಲಿ ಸ್ಕಾರ್ಫು, ಕೈಯಲ್ಲಿ ಛತ್ರಿ, ಬಡಕಲು ದೇಹ. ಆದರೆ ಆ ಕಣ್ಣು! ಕನ್ನಡಕದ ಮೇಲಿನಿಂದ ನೋಡಿದರೆ ನನ್ನಂಥ ನಲವತ್ತಾರರ ಗಂಡಸಿಗೂ ಹೋಂವರ್ಕ್ ಮಾಡಿಲ್ಲ ಎನ್ನಿಸಬೇಕು. ನಾನು ಎದ್ದು ನಿಂತೆ. ಕೈ ಕಟ್ಟಿದ್ದು ನನಗೇ ತಿಳಿಯಲಿಲ್ಲ. ತರಬೇತಿಯಿಂದ ಹಿಡಿದು ಅತ್ತೆಯ ಬೆಟ್ಟದವರೆಗೆ ಒಂದೂ ಬಿಡದೆ ಒಪ್ಪಿಸಿದೆ. ಹೆಂಡತಿ ಒಮ್ಮೆಯೂ ನನ್ನ ಸಹಾಯಕ್ಕೆ ಬರಲಿಲ್ಲ.

ಅವರು ಸ್ಕಾರ್ಫಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಅದನ್ನು ನೋಡಿ ನನಗೆ ನೆಲ ಬಿರಿಯಬಾರದೇ ಎನ್ನಿಸಿತು.

"ನನ್ನದೂ ಬಂತಾ?"

"ಬಂತು, ಮೇಡಂ."

"ಎಷ್ಟು ಜನ ನೋಡಿದರು?"

"ಹನ್ನೊಂದು ಮನೆ ಮೇಡಂ. ಚಿಕ್ಕಪ್ಪನ ಪಕ್ಕದ ಮನೆ ಸೇರಿದರೆ ಹನ್ನೆರಡು."

"ಏನಂದರು? ಮುಚ್ಚಿಡಬೇಡಿ."

ನಾನು ಹೆಂಡತಿಯ ಮುಖ ನೋಡಿದೆ. ಅವಳು ಫೋನು ತೆಗೆದು, ಕುಟುಂಬದ ಗುಂಪಿನಲ್ಲಿ 'ಬೆಳ್ಳಿ ಬಟ್ಟಲು' ಹುಡುಕಿ, ಅವರ ಕೈಗೇ ಕೊಟ್ಟಳು. ಹೊಸ ಕೂದಲು ಇನ್ನೂ ನವಿರಾಗಿ, ಬೂದುಬಣ್ಣದ ಮಬ್ಬಿನಂತೆ ಮೂಡಿದ್ದ ತಲೆಯ ಹಿಂಬದಿ. ಅದರ ಕೆಳಗೆ ಒಂದೇ ಒಂದು ಸಂದೇಶ, ದೊಡ್ಡಮ್ಮನದು. ಹೆಡ್‌ಮಿಸ್ ಅದನ್ನು ಗಟ್ಟಿಯಾಗಿ ಓದಿದರು.

"'ಅಯ್ಯೋ, ಎಷ್ಟು ಮುದ್ದಾಗಿದೆ ಪಾಪು! ಯಾರ ಮಗು? ದೃಷ್ಟಿಯಾಗದೇ ಇರಲಿ.'"

ಆಮೇಲೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ನಾನು ನೀರು ತರಲು ಹೊರಟೆ. ಅಳುವಲ್ಲ, ನಗು! ಕನ್ನಡಕ ತೆಗೆದು, ಕುರ್ಚಿಯ ಹಿಡಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗು.

"ಇಪ್ಪತ್ತೆಂಟು ವರ್ಷ ಸರ್ವಿಸು. ನನ್ನನ್ನ ಮುದ್ದು ಅಂದೋರು ಇವರೊಬ್ಬರೇ ಕಣ್ರಮ್ಮಾ! ಆರು ತಿಂಗಳಿಂದ ಕನ್ನಡಿ ನೋಡಿ ಅತ್ತಿದ್ದೇ ಬಂತು" ಎಂದು ತಾವೇ ಸ್ಕಾರ್ಫು ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. "ಹಾಕಿ, ನೋಡೋಣ. ಸೋಮವಾರ ಎಂಟೂವರೆಗೆ ಪ್ರಾರ್ಥನೆಗೆ ನಾನೇ ನಿಲ್ಲಬೇಕು."

ಹೆಂಡತಿ ವಿಗ್ಗನ್ನು ಎತ್ತಿ ಅವರ ತಲೆಗೆ ಮೆಲ್ಲಗೆ ಇಳಿಸಿ, ಕಿವಿಯ ಬಳಿ ಎರಡು ಎಳೆ ಸರಿಮಾಡಿದಳು. ಅವಳ ಕಣ್ಣೂ ತುಂಬಿತ್ತು. ನನಗೆ ಹೋದ ಜೀವ ಬಂದಂತಾಯಿತು. ಬಂದ ಜೀವ ಸುಮ್ಮನಿರಬೇಕಲ್ಲ! ಹೊಸ ಉತ್ಸಾಹದಲ್ಲಿ, "ಇನ್ನು ಮುಂದೆ ಹೀಗಾಗದ ಹಾಗೆ ಒಂದು ಯೋಜನೆ ಹಾಕಿದ್ದೀನಿ ಮೇಡಂ" ಎನ್ನುತ್ತಾ, ಕೆಳಗೆ ಬಿದ್ದಿದ್ದ ಗುಂಡಿಗಳನ್ನು ಹೆಕ್ಕಲು ಅವರ ಮುಂದೆಯೇ ಬಗ್ಗಿದೆ.

ತಲೆಯೆತ್ತಿದರೆ ಹೆಡ್‌ಮಿಸ್ ಕನ್ನಡಕ ಹಾಕಿಕೊಂಡು ನನ್ನ ನೆತ್ತಿಯನ್ನೇ ಪರೀಕ್ಷಿಸುತ್ತಿದ್ದರು.

"ನನ್ನದು ಆರು ತಿಂಗಳಲ್ಲಿ ಪೂರ್ತಿ ಬೆಳೆಯುತ್ತೆ ಅಂತ ಡಾಕ್ಟರು ಹೇಳಿದ್ದಾರೆ" ಎಂದರು ಅನುಕಂಪದಿಂದ. "ನಿಮ್ಮದು?"

ನಾನು ಬಾಯಿ ತೆರೆದೆ. ಹೆಂಡತಿ ನಮ್ಮಿಬ್ಬರ ನಡುವೆ ಅಂಗಡಿಯ ಪರದೆ ಎಳೆದಳು.

"ಕ್ಷಮಿಸಿ ಮೇಡಂ. ಒಬ್ಬ ಗಿರಾಕಿಯ ವಿಷಯ ಇನ್ನೊಬ್ಬ ಗಿರಾಕಿಗೆ ನಾವು ಹೇಳಲ್ಲ!"